ಕಿಟಕಿ ಕೆಳಗಿನ ತೊಟ್ಟಿ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮಜ್ಜಿಗೆ ಎರಡು ಕೆಲಸವಿರುತ್ತಿತ್ತು. ಒಂದು ದೇವರ ಮುಂದೆ ದೀಪ, ಇನ್ನೊಂದು ಕೊಟ್ಟಿಗೆಯಲ್ಲಿ ಹೊಗೆ. ಬಚ್ಚಲ ಒಲೆಯಿಂದ ಒಂದು ಹಿಡಿ ಕೆಂಡವನ್ನು ಒಡೆದ ಮಡಕೆಯ ತಳಕ್ಕೆ ಸುರಿದು, ಅದರ ಮೇಲೆ ಅಡಿಕೆ ಸಿಪ್ಪೆ ಹರಡಿ, ಮೇಲಿಂದ ಹಸಿ ಲಕ್ಕಿ ಸೊಪ್ಪು ಹಾಕುತ್ತಿದ್ದಳು. ರಜೆಗೆಂದು ಕೊಪ್ಪದ ಕಡೆಯ ಆ ಊರಿಗೆ ಹೋದಾಗಲೆಲ್ಲ ಸೊಪ್ಪು ಮುರಿದು ತರುವ ಕೆಲಸ ನನ್ನದು. ಒಮ್ಮೆ ಒಣಗಿದ ಕಡ್ಡಿಯನ್ನೇ ತಂದು ಹಾಕಿದ್ದೆ. ಭಗ್ಗನೆ ಉರಿ ಎದ್ದಿತು. "ಹಸೀದು ಹಾಕ್ಬೇಕು ಕಣೇ. ಒಣಗಿದ್ದು ಉರಿಯುತ್ತೆ, ಹಸೀದು ಹೊಗೆಯಾಡುತ್ತೆ" ಎಂದು ಅಜ್ಜಿ ನಕ್ಕಿದ್ದಳು. ಕೊಟ್ಟಿಗೆಯಿಂದ ಹೊರಟ ಆ ಮಡಕೆ ಜಗಲಿ, ನಡುಮನೆ, ಮಲಗುವ ಕೋಣೆ ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಕಣ್ಣು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಆದರೆ ಅಷ್ಟು ಹೊತ್ತು ಕಿವಿಯ ಬಳಿ ಗುಂಯ್ ಎನ್ನುವ ಸದ್ದು ಇರುತ್ತಿರಲಿಲ್ಲ.

ಆ ನೆನಪಿನ ಬಲದಿಂದಲೇ ನಾನು ಬೆಂಗಳೂರಿನಲ್ಲಿ ಮನೆ ಮಾಡಿದಾಗ ಸೊಳ್ಳೆ ಬತ್ತಿ, ಲಿಕ್ವಿಡ್ ಯಾವುದನ್ನೂ ಒಳಗೆ ಬಿಡಬಾರದೆಂದು ಹಟ ಹಿಡಿದೆ. ಬಾಲ್ಕನಿಯಲ್ಲಿ ಒಂದು ಕುಂಡ ತುಂಬ ಮಜ್ಜಿಗೆ ಹುಲ್ಲು, ಇನ್ನೊಂದರಲ್ಲಿ ತುಳಸಿ. ಸಂಜೆ ಸಾಂಬ್ರಾಣಿಯ ಜೊತೆ ಒಂದಿಷ್ಟು ಬೇವಿನೆಲೆ. ಬಂದವರೆಲ್ಲ "ಎಷ್ಟು ಚೆನ್ನಾಗಿ ನೈಸರ್ಗಿಕವಾಗಿ ಇಟ್ಟುಕೊಂಡಿದ್ದೀರಿ" ಎಂದು ಹೊಗಳಿದರು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನನ್ನ ಒಂಬತ್ತು ವರ್ಷದ ಮಗನಿಗೆ ಡೆಂಗಿ ಬಂತು. ಐದು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಪ್ಲೇಟ್‌ಲೆಟ್ ಲೆಕ್ಕ ಇಳಿಯುವುದನ್ನು, ಆಮೇಲೆ ಏರುವುದನ್ನು ಕಂಡೆ. ಅವನು ಮನೆಗೆ ಬಂದ ಮರುದಿನ ಆರೋಗ್ಯ ಇಲಾಖೆಯ ಇಬ್ಬರು ಹೆಣ್ಣುಮಕ್ಕಳು ಮನೆ ನೋಡಲು ಬಂದರು. ಸಂಪು ನೋಡಿದರು, ಫ್ರಿಜ್ಜಿನ ಹಿಂದೆ ನೋಡಿದರು. ಕೊನೆಗೆ ಒಬ್ಬಾಕೆ ಬಾಲ್ಕನಿಗೆ ಹೋಗಿ ಮಜ್ಜಿಗೆ ಹುಲ್ಲಿನ ಕುಂಡವನ್ನು ಎತ್ತಿ, ಅದರ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ನನ್ನ ಮುಂದೆ ಹಿಡಿದರು. ಎರಡು ಬೆರಳು ನೀರು. ಅದರಲ್ಲಿ ಸಣ್ಣ ಕೂದಲಿನ ತುಂಡುಗಳಂತೆ ಏನೋ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು. "ಇವೇ ಅಕ್ಕ" ಎಂದರು.

ಸೊಳ್ಳೆ ಓಡಿಸಲೆಂದು ನೆಟ್ಟ ಗಿಡದ ಬುಡದಲ್ಲೇ ಸೊಳ್ಳೆ ಸಾಕಿದ್ದೆ. ನಾನು ಇತಿಹಾಸ ಪಾಠ ಮಾಡುವವಳು. ತಪ್ಪಾದರೆ ಹಿಂದೆ ತಿರುಗಿ ನೋಡುವುದು ನನ್ನ ಚಾಳಿ. ಸೊಳ್ಳೆ ಕಚ್ಚದಂತೆ ಜನ ಹಿಂದೆ ಏನೇನು ಮಾಡಿದರು, ಅದರಲ್ಲಿ ಯಾವುದು ಕೆಲಸ ಮಾಡಿತು, ಯಾವುದು ಬರೀ ಸಮಾಧಾನ ಎಂದು ಹುಡುಕುತ್ತ ಹೋದೆ. ಹುಡುಕಾಟ ಈಜಿಪ್ಟಿನಿಂದ ಶುರುವಾಗಿ, ತಿರುಗಿ ಬೆಂಗಳೂರಿಗೇ ಬಂದು ನಿಂತಿತು. ಅದೂ ಒಂದು ತೊಟ್ಟಿ ನೀರಿನ ಮುಂದೆ.

ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ನೈಲ್ ನದಿಯ ಜೌಗು ಪ್ರದೇಶದವರ ಬಗ್ಗೆ ಬರೆಯುತ್ತ ಸೊಳ್ಳೆಯ ವಿಷಯಕ್ಕೂ ಬರುತ್ತಾನೆ. ಜೌಗಿನಿಂದ ಮೇಲಿನ ಭಾಗದವರು ಎತ್ತರದ ಗೋಪುರಗಳ ಮೇಲೆ ಮಲಗುತ್ತಾರೆ, ಗಾಳಿಯ ಹೊಡೆತಕ್ಕೆ ಸೊಳ್ಳೆ ಅಷ್ಟು ಮೇಲೆ ಹಾರಲಾರದು. ಜೌಗಿನೊಳಗೇ ಇರುವವರಿಗೆ ಗೋಪುರವಿಲ್ಲ, ಮೀನಿನ ಬಲೆಯಿದೆ. ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಂಡು ಒಳಗೆ ತೂರಿ ಮಲಗುತ್ತಾರೆ. ಬಟ್ಟೆ ಹೊದ್ದರೆ ಅದರ ಮೇಲಿಂದಲೇ ಕಚ್ಚುವ ಸೊಳ್ಳೆ ಬಲೆಯ ತಂಟೆಗೆ ಬರುವುದಿಲ್ಲ ಎಂದು ಅವನ ಅಚ್ಚರಿ. ಇಂಗ್ಲಿಷಿನ 'ಕ್ಯಾನೊಪಿ' ಎಂಬ ಪದದ ಬೇರು ಕೂಡ ಗ್ರೀಕರ ಸೊಳ್ಳೆಯೇ. 'ಕೊನೊಪ್ಸ್' ಎಂದರೆ ಸೊಳ್ಳೆ, 'ಕೊನೊಪಿಯೋನ್' ಎಂದರೆ ಸೊಳ್ಳೆ ಪರದೆ ಕಟ್ಟಿದ ಮಂಚ. ಗಾಳಿ ಮತ್ತು ಬಲೆ, ಈ ಎರಡೂ ಇಂದಿಗೂ ಹಳತಾಗಿಲ್ಲ. ಸೊಳ್ಳೆ ಬಲಹೀನ ಹಾರಾಟಗಾರ. ತಲೆಯ ಮೇಲೆ ಜೋರಾಗಿ ತಿರುಗುವ ಫ್ಯಾನು ಅದಕ್ಕೆ ಬಿರುಗಾಳಿ. ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡನ್ನೂ ಮೈಯ ವಾಸನೆಯನ್ನೂ ಹಿಡಿದು ಬರುವ ಅದರ ದಾರಿಯನ್ನು ಆ ಗಾಳಿ ಚದುರಿಸಿಬಿಡುತ್ತದೆ.

ನಮ್ಮ ಕಡೆ ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಐದು ಬಗೆಯ ಸೊಳ್ಳೆಗಳ ಹೆಸರಿದೆ: ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ. ಕೊನೆಯದು, ಅಂದರೆ ಬೆಟ್ಟದ ಸೊಳ್ಳೆಯ ಕಡಿತ, ಪ್ರಾಣ ತೆಗೆಯುವ ಕೀಟಗಳ ಕಡಿತಕ್ಕೆ ಸಮ ಎಂದು ಗ್ರಂಥ ಹೇಳುತ್ತದೆ. ಇದನ್ನು ಓದಿದವರು ಕೆಲವರು ಸುಶ್ರುತನಿಗೆ ಮಲೇರಿಯಾದ ಗುಟ್ಟು ಗೊತ್ತಿತ್ತು ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಬಿಟ್ಟು ಬಿಟ್ಟು ಬರುವ ವಿಷಮ ಜ್ವರವನ್ನು ಆಯುರ್ವೇದ ಬೇರೆಯೇ ಅಧ್ಯಾಯದಲ್ಲಿ, ಬೇರೆಯೇ ಕಾರಣಗಳೊಂದಿಗೆ ಚರ್ಚಿಸುತ್ತದೆ. ಆದರೆ ಬೆಟ್ಟದ ಸೊಳ್ಳೆ ಬಯಲಿನ ಸೊಳ್ಳೆಯಂತಲ್ಲ ಎಂಬ ಗಮನಿಕೆ ಮಾತ್ರ ಸಾಮಾನ್ಯದ್ದಲ್ಲ. ಅದರ ನಿಜವನ್ನು ಮಲೆನಾಡಿನವರು ಮೈಯಲ್ಲೇ ಅನುಭವಿಸಿದ್ದಾರೆ.

ಜ್ವರಕ್ಕೂ ಸೊಳ್ಳೆಗೂ ಸಂಬಂಧ ಕಾಣದೆ ಹೋದದ್ದು ನಾವು ಮಾತ್ರ ಅಲ್ಲ. ಮಲೇರಿಯಾ ಎಂಬ ಇಟಾಲಿಯನ್ ಮಾತಿನ ಅರ್ಥವೇ 'ಕೆಟ್ಟ ಗಾಳಿ'. ನಮ್ಮಲ್ಲಿ "ಅಲ್ಲಿಯ ನೀರು ಆಗಿಬರಲ್ಲ" ಎನ್ನುತ್ತಿದ್ದೆವು. ಅವರು ಗಾಳಿಯನ್ನು ಬೈದರು, ನಾವು ನೀರನ್ನು ಬೈದೆವು. ನಾವೇ ಸ್ವಲ್ಪ ಹತ್ತಿರದಲ್ಲಿದ್ದೆವು.

ಈಗ ಬೆಂಗಳೂರಿಗೆ ಬರೋಣ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರು ವರ್ಷದ ಸೇನಾ ವೈದ್ಯ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದ. ಅವನಿಗೆ ಸಿಕ್ಕಿದ ಬಂಗಲೆ ಅವನಿಗೆ ಬಹಳ ಇಷ್ಟವಾಯಿತು, ಸೊಳ್ಳೆಯೊಂದನ್ನು ಬಿಟ್ಟು. ತನ್ನ ಕೋಣೆಯಲ್ಲಿ ಮಾತ್ರ ಇಷ್ಟೊಂದು ಯಾಕೆ ಎಂದು ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ ಒಂದು ತೊಟ್ಟಿ ಕಂಡಿತು. ಬಗ್ಗಿ ನೋಡಿದರೆ ಅದರ ತುಂಬ ಕುಣಿಯುವ ಮರಿಗಳು. ತೊಟ್ಟಿಯನ್ನು ಮಗುಚಿ ಹಾಕಿದ. ಸೊಳ್ಳೆ ಕಡಿಮೆಯಾಯಿತು. ಹಾಗಾದರೆ ಮರಿ ಬೆಳೆಯುವ ನೀರನ್ನು ತೆಗೆದರೆ ಸೊಳ್ಳೆಯನ್ನೇ ತೊಲಗಿಸಬಹುದಲ್ಲ ಎಂಬ ಯೋಚನೆ ಅವನಿಗೆ ಹೊಳೆದದ್ದು ಅಲ್ಲಿ.

ಈ ಕಥೆಯ ಉಳಿದ ಅರ್ಧ ನನಗೆ ಇನ್ನೂ ಮುಖ್ಯ. ರಾಸ್ ತನ್ನ ಆತ್ಮಕಥನದಲ್ಲಿ ಅದನ್ನು ದಾಖಲಿಸಿದ್ದಾನೆ. ಸಂಭ್ರಮದಿಂದ ಹೋಗಿ ರೆಜಿಮೆಂಟಿನ ಅಧಿಕಾರಿಗೆ ವಿಷಯ ಹೇಳಿದನಂತೆ: ಊಟದ ಮನೆಯ ಸುತ್ತ ಇರುವ ತೊಟ್ಟಿ, ಡಬ್ಬಿ, ಹೂದಾನಿಗಳ ನೀರನ್ನೂ ಚೆಲ್ಲಿಸೋಣ ಎಂದು. ಅಧಿಕಾರಿ ಒಪ್ಪಲಿಲ್ಲ. ಅದು ನಿಸರ್ಗದ ವ್ಯವಸ್ಥೆಯನ್ನು ಕದಡಿದಂತೆ, ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೇ ಸೃಷ್ಟಿಸಿರುತ್ತದೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬರ್ಥದ ಮಾತಾಡಿದನಂತೆ. ಹೂದಾನಿಯ ನೀರು ನಿಸರ್ಗವಾಯಿತು, ಅದನ್ನು ಚೆಲ್ಲುವುದು ನಿಸರ್ಗ ವಿರೋಧವಾಯಿತು! ಓದಿ ನಕ್ಕೆ. ಆಮೇಲೆ ನನ್ನ ಬಾಲ್ಕನಿಯ ತಟ್ಟೆ ನೆನಪಾಗಿ ನಗು ನಿಂತಿತು.

ಆ ಹೊತ್ತಿಗೆ ರಾಸ್‌ಗೆ ಸೊಳ್ಳೆ ಬರೀ ಕಿರಿಕಿರಿ. ಅದು ರೋಗ ಹೊರುತ್ತದೆ ಎಂದು ತೋರಿಸಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನ ಹೆಸರು ಹುಸೇನ್ ಖಾನ್. ಮಲೇರಿಯಾದಿಂದ ನರಳುತ್ತಿದ್ದ ಆ ರೋಗಿಗೆ ತನ್ನನ್ನು ಕಚ್ಚಿದ ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಕೊಡಲಾಯಿತು. ಸೊಳ್ಳೆ ಕಚ್ಚದಿರಲೆಂದು ಇಡೀ ಲೋಕ ಒದ್ದಾಡುವಾಗ ಕಚ್ಚಿಸಿಕೊಂಡು ಕೂಲಿ ಪಡೆದ ಆ ಮನುಷ್ಯನಿಗೂ ನಾವು ಋಣಿಗಳು.

ಇನ್ನು ಅಜ್ಜಿಯ ಊರಿನ ಕಥೆ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಮಲೆನಾಡು ಎಂದರೆ ಬಯಲುಸೀಮೆಯವರಿಗೆ ಭಯ. ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು, ವರ್ಗವಾಗಿ ಬಂದ ನೌಕರರು ಮೊದಲ ದಿನವೇ ವಾಪಸು ಅರ್ಜಿ ಬರೆಯುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಚಳಿಜ್ವರ ಬಂದು ಹೋಗಿ, ಮತ್ತೆ ಬಂದು, ಹೊಟ್ಟೆಯ ಎಡಬದಿಯಲ್ಲಿ ಜ್ವರಗಡ್ಡೆ ಬೆಳೆದ ಮಕ್ಕಳು ಎಲ್ಲ ಊರಲ್ಲೂ ಇದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ಮಲೆನಾಡಿನ ಸುಧಾರಣೆಗೆಂದೇ ಪ್ರತ್ಯೇಕ ಯೋಜನೆ ರೂಪಿಸಬೇಕಾಯಿತು. ಅಲ್ಲಿಯ ಸಮಸ್ಯೆಗಳಲ್ಲಿ ಜ್ವರವೂ ಒಂದು. ಅಜ್ಜಿಯ ಮೊದಲ ಮಗ, ನಾನು ಕಾಣದ ನನ್ನ ದೊಡ್ಡ ಮಾವ, ಮೂರು ವರ್ಷದವನಿದ್ದಾಗ ಆ ಜ್ವರಕ್ಕೇ ಹೋದ. "ಆಗಲೂ ದಿನಾ ಹೊಗೆ ಹಾಕ್ತಿದ್ದೆ" ಎಂದು ಅವಳು ಒಮ್ಮೆ ಹೇಳಿದ್ದಳು. ಅದರಲ್ಲಿ ದೂರು ಇರಲಿಲ್ಲ. ಚಿಕ್ಕವಳಾದ ನನಗೆ ಆ ಮಾತು ಏನೆಂದು ಆಗ ಅರ್ಥವಾಗಿರಲಿಲ್ಲ.

ಹೊಗೆ ಯಾಕೆ ಸಾಲಲಿಲ್ಲ? ಮಲೆನಾಡಿನಲ್ಲಿ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರೇ ಹೇಳುವಂತೆ ಇದು ಹರಿಯುವ ನೀರಿನದು. ತೊರೆ, ಹಳ್ಳಗಳ ಅಂಚಿನಲ್ಲಿ, ಹುಲ್ಲಿನ ನಡುವೆ ನಿಧಾನಕ್ಕೆ ಸರಿಯುವ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಬಯಲಿನ ಅನಾಫಿಲಿಸ್ ಕ್ಯುಲಿಸಿಫೇಸೀಸ್ ದನದ ರಕ್ತವನ್ನು ಹೆಚ್ಚು ಮೆಚ್ಚಿದರೆ, ಮಲೆನಾಡಿನ ಈ ಸೊಳ್ಳೆ ಮನುಷ್ಯರನ್ನೇ ಹುಡುಕಿ ಬರುತ್ತಿತ್ತು. ಬರುವುದು ಕತ್ತಲಾದ ಮೇಲೆ, ಮನೆಯವರು ಮಲಗಿದ ಹೊತ್ತಿಗೆ. ಅಜ್ಜಿಯ ಮಡಕೆಯ ಕೆಂಡ ಅಷ್ಟರಲ್ಲಿ ಬೂದಿಯಾಗಿರುತ್ತಿತ್ತು. ಹೊಗೆ ಇರುವಷ್ಟು ಹೊತ್ತು ಅದು ಕೆಲಸ ಮಾಡುತ್ತದೆ. ಸೊಳ್ಳೆಗೆ ನಮ್ಮ ವಾಸನೆ ಸಿಗದಂತೆ ಮರೆಮಾಡುತ್ತದೆ, ಸೊಪ್ಪಿನಲ್ಲಿರುವ ಎಣ್ಣೆಯ ಅಂಶ ಅದನ್ನು ದೂರವಿಡುತ್ತದೆ. ಆದರೆ ಹೊಗೆ ಸೊಳ್ಳೆಯನ್ನು ಕೊಲ್ಲುವುದಿಲ್ಲ. ಹೊರಗೆ ಕಾಯಿಸುತ್ತದೆ ಅಷ್ಟೆ.

ಇತ್ತ ಬಯಲಿನಲ್ಲಿ ಕಟ್ಟೆ, ನಾಲೆಗಳ ಜೊತೆ ಜ್ವರವೂ ಹೊಸ ಊರುಗಳಿಗೆ ಬರುತ್ತಿತ್ತು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ಮಲೇರಿಯಾ ನಿಯಂತ್ರಣದ ಕೆಲಸಕ್ಕೆ ಕೈಹಾಕಿತು. ಅದೇ ಕಾಲದಲ್ಲಿ, 1928ರಲ್ಲಿ, ಡಾ. ಬಿ. ಎ. ರಾವ್ ಅವರು ಇಟಲಿಯಿಂದ ಒಂದು ಸಣ್ಣ ಮೀನನ್ನು ಭಾರತಕ್ಕೆ ತಂದರು. ನೋಡಲು ಏನೂ ಚಂದವಿಲ್ಲದ ಗ್ಯಾಂಬೂಸಿಯಾ. ಸೊಳ್ಳೆ ಮರಿಗಳನ್ನು ಹೊಟ್ಟೆಬಾಕನಂತೆ ತಿನ್ನುವ ಇದು ಮೂಲತಃ ಅಮೆರಿಕದ್ದು, ಇಟಲಿಗೂ ಮಲೇರಿಯಾ ಕಾರಣಕ್ಕೇ ಹೋಗಿತ್ತು. ಅದಕ್ಕಿಂತ ಮೊದಲೇ ಗಪ್ಪಿ ಮೀನು ಭಾರತಕ್ಕೆ ಬಂದಿತ್ತು. ಇಂದಿಗೂ ನಮ್ಮ ಹಳ್ಳಿಗಳ ತೊಟ್ಟಿ, ಬಾವಿಗಳಿಗೆ ಆರೋಗ್ಯ ಕಾರ್ಯಕರ್ತರು ಬಿಡುವುದು ಇವೆರಡರಲ್ಲೊಂದನ್ನು.

ವಿಷವಿಲ್ಲ, ಹೊಗೆಯಿಲ್ಲ, ಮೀನು ತಿನ್ನುತ್ತದೆ ಮುಗಿಯಿತು. ಇದಕ್ಕಿಂತ ನೈಸರ್ಗಿಕ ಉಪಾಯ ಬೇರೇನಿದೆ ಎಂದು ನಾನೂ ಅಂದುಕೊಂಡೆ. ಆದರೆ ಪ್ರಪಂಚದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಗ್ಯಾಂಬೂಸಿಯಾದ ಹೆಸರೂ ಇದೆ. ಕೆರೆ, ಹಳ್ಳಗಳಿಗೆ ಬಿಟ್ಟರೆ ಅದು ಸ್ಥಳೀಯ ಮೀನುಗಳ ಮೊಟ್ಟೆ ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡುವುದಿಲ್ಲ. ಆ ಕಪ್ಪೆ, ಆ ಮೀನುಗಳೂ ಸೊಳ್ಳೆ ಮರಿ ತಿನ್ನುವವೇ. ಬಾಯಿ ಮುಚ್ಚಿದ ಸಿಮೆಂಟ್ ತೊಟ್ಟಿಯಲ್ಲಿ ಅದು ಒಳ್ಳೆಯ ಕೆಲಸಗಾರ, ಊರ ಕೆರೆಯಲ್ಲಿ ಕಳ್ಳ. ಎಲ್ಲಿಟ್ಟೆವು ಎಂಬುದರ ಮೇಲೆ ಅದರ ಗುಣ ನಿಂತಿದೆ.

ಹೊಗೆಯ ಕಥೆಗೂ ಇಂಥದೇ ತಿರುವು ಇದೆ. ಆಡ್ರಿಯಾಟಿಕ್ ಸಮುದ್ರದ ದಡದ ಡಾಲ್ಮೇಷಿಯಾದಲ್ಲಿ ಬೆಳೆಯುವ, ಸೇವಂತಿಗೆ ಬಳಗದ ಒಂದು ಬಿಳಿ ಹೂವಿದೆ, ಪೈರೆಥ್ರಮ್. ಒಣಗಿಸಿ ಪುಡಿ ಮಾಡಿದರೆ ಕೀಟಗಳಿಗೆ ವಿಷ. ಆ ಹೂವಿನ ಬೀಜ 1880ರ ದಶಕದಲ್ಲಿ ಜಪಾನಿನ ವಾಕಾಯಾಮಾದ ಎಯ್ಚಿರೋ ಉಎಯಾಮಾ ಎಂಬ ಕಿತ್ತಳೆ ಬೆಳೆಗಾರನ ಕೈಗೆ ಬಂತು. ನಮ್ಮ ಹಾಗೆ ಅವರೂ ಸಂಜೆ ಹೊಗೆ ಹಾಕುವವರೇ. ಪುಡಿಯನ್ನು ಕೆಂಡಕ್ಕೆ ಹಾಕುವ ಬದಲು 1890ರಲ್ಲಿ ಅವನು ಅದರಿಂದ ಊದುಬತ್ತಿ ಹೊಸೆದ. ನಲವತ್ತು ನಿಮಿಷಕ್ಕೆ ಉರಿದು ಮುಗಿಯುತ್ತಿತ್ತು. ನಿದ್ದೆ ಅದಕ್ಕಿಂತ ಉದ್ದವಲ್ಲ! ಬತ್ತಿಯನ್ನು ಸುರುಳಿ ಸುತ್ತಿದರೆ ಹೇಗೆ ಎಂದು 1895ರಲ್ಲಿ ಸೂಚಿಸಿದ್ದು ಅವನ ಹೆಂಡತಿ ಯೂಕಿ. ಸುರುಳಿ ಸುತ್ತಿ ಮಲಗಿದ ಹಾವನ್ನು ಕಂಡು ಆಕೆಗೆ ಹಾಗೆ ಹೊಳೆಯಿತು ಎನ್ನುತ್ತಾರೆ. ಸುರುಳಿ ಬತ್ತಿ 1902ರಲ್ಲಿ ಮಾರುಕಟ್ಟೆಗೆ ಬಂತು. ರಾತ್ರಿಯಿಡೀ ಉರಿಯುವ ಹೊಗೆ. ಅಜ್ಜಿಯ ಮಡಕೆಗೆ ಸಾಧ್ಯವಾಗದ್ದು ಅದಕ್ಕೆ ಸಾಧ್ಯವಾಯಿತು.

ಇಂದಿನ ಬತ್ತಿಗಳಲ್ಲಿ ಹೂವಿನ ಜಾಗದಲ್ಲಿ ಅದನ್ನೇ ಹೋಲುವ ಕೃತಕ ರಾಸಾಯನಿಕಗಳಿವೆ. ಆದರೆ ಶ್ವಾಸಕೋಶಕ್ಕೆ ಅಪಾಯ ಬರೀ ಔಷಧದಿಂದಲ್ಲ, ಹೊಗೆಯಿಂದಲೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸುರುಳಿ ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಕಣಗಳಿಗೆ ಸಮ ಎಂದು ಕಂಡುಬಂತು. ಅದನ್ನು ಓದಿ ನಾನು ಬತ್ತಿಯನ್ನು ಬೈಯುತ್ತ ಬೇವಿನ ಹೊಗೆ ಹಾಕುತ್ತಿದ್ದೆ. ಬೇವಿನ ಎಲೆಯ ಹೊಗೆಯಲ್ಲಿ ಸೂಕ್ಷ್ಮ ಕಣಗಳಿಲ್ಲವೆಂದು ನನಗೆ ಯಾರು ಹೇಳಿದ್ದರು? ಅಜ್ಜಿ ಒಂದು ದಿನವೂ ಬೀಡಿ ಸೇದಿದವಳಲ್ಲ. ಆದರೆ ಕೊನೆಯ ಹತ್ತು ವರ್ಷ ಅವಳ ಎದೆಯಲ್ಲಿ ಗೊರಗೊರ ಸದ್ದು ಇತ್ತು. ಅದರಲ್ಲಿ ಒಲೆಯ ಪಾಲೆಷ್ಟು, ಮಡಕೆಯ ಪಾಲೆಷ್ಟು ಎಂದು ಈಗ ಲೆಕ್ಕ ಹಾಕಲಾಗದು. ಆದರೆ ಒಲೆಯ ಮುಂದೆ ಕೂತವಳೂ ಅವಳೇ, ಮಡಕೆ ಹಿಡಿದು ಮನೆ ಸುತ್ತಿದವಳೂ ಅವಳೇ. ಉಳಿದವರು ಹೊಗೆ ಬಂದಾಗ ಅಂಗಳಕ್ಕೆ ಹೋಗುತ್ತಿದ್ದೆವು.

ಚಳಿಜ್ವರ ಅವಳ ಊರನ್ನು ಬಿಟ್ಟದ್ದು ಹೊಗೆಯಿಂದಲ್ಲ, ಡಿಡಿಟಿಯಿಂದ. 1940ರ ದಶಕದ ಮಧ್ಯದಲ್ಲಿ ಆಗಿನ ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ನಡೆಯಿತು. ರಕ್ತ ಕುಡಿದ ಸೊಳ್ಳೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ, ಆ ಗೋಡೆಯಲ್ಲೇ ವಿಷವಿದ್ದರೆ ಅದು ಇನ್ನೊಬ್ಬರನ್ನು ಕಚ್ಚುವ ಮೊದಲೇ ಸಾಯುತ್ತದೆ ಎಂಬುದು ತರ್ಕ. ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ಕನ್ನಡ ನೆಲದ ಆ ಅನುಭವ 1953ರಲ್ಲಿ ಇಡೀ ದೇಶದ ಕಾರ್ಯಕ್ರಮಕ್ಕೆ ದಾರಿಯಾಯಿತು. ಅದಕ್ಕೂ ಮೊದಲು ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಂದಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಮಂದಿ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. 1961ರಲ್ಲಿ ದಾಖಲಾದದ್ದು 49,151 ಪ್ರಕರಣ, ಅಷ್ಟೇ.

ಅಜ್ಜಿಯ ಮನೆಗೆ ಡಿಡಿಟಿ ಹೊಡೆಯುವವರು ಬಂದದ್ದು 1950ರ ದಶಕದಲ್ಲಿ. ದೇವರ ಕೋಣೆಗೆ ಬೇಡ, ಅಡುಗೆಮನೆಗೆ ಬೇಡ ಎಂದು ಹಿರಿಯರು ತಡೆದರಂತೆ. ಅಜ್ಜಿ ಮಾತ್ರ "ಎಲ್ಲ ಕಡೆ ಹೊಡೀರಿ" ಎಂದಳಂತೆ. ಅವಳ ಮಗ ಸತ್ತು ಆಗ ಮೂರು ವರ್ಷವಾಗಿತ್ತು. ಡಿಡಿಟಿಯ ಬಗ್ಗೆ ಕಾಲೇಜಿನಲ್ಲಿ ಓದಿ ಬಂದ ನಾನು, ಅದು ಹಕ್ಕಿಗಳ ಮೊಟ್ಟೆಯ ಸಿಪ್ಪೆಯನ್ನು ತೆಳುವಾಗಿಸಿದ್ದು, ತಾಯಿಯ ಹಾಲಿನವರೆಗೂ ಬಂದದ್ದು ಎಲ್ಲವನ್ನೂ ಒಮ್ಮೆ ಅವಳಿಗೆ ವಿವರಿಸಿದ್ದೆ. ಅವಳು ಪೂರ್ತಿ ಕೇಳಿ, "ಇರಬಹುದು" ಎಂದು ಎದ್ದು ಹೋದಳು. ನಾನು ಹೇಳಿದ್ದೂ ಸುಳ್ಳಲ್ಲ. ಹೊಲಗದ್ದೆಗಳಿಗೆಲ್ಲ ಕೀಟನಾಶಕ ಸುರಿದ ಮೇಲೆ ಸೊಳ್ಳೆಗಳೂ ಅದಕ್ಕೆ ಒಗ್ಗಿಕೊಂಡವು, ಸರ್ಕಾರವೂ ಮೈಮರೆಯಿತು. 1976ರ ಹೊತ್ತಿಗೆ ದೇಶದ ಮಲೇರಿಯಾ ಪ್ರಕರಣ ಮತ್ತೆ 64 ಲಕ್ಷ ದಾಟಿತು. ಆದರೆ ಅವಳ ಉಳಿದ ನಾಲ್ಕು ಮಕ್ಕಳು, ನನ್ನ ಅಮ್ಮನೂ ಸೇರಿ, ಬದುಕಿದ್ದು ಆ ನಡುವಿನ ವರ್ಷಗಳಲ್ಲಿ.

ಹಾಗಾದರೆ ಸೊಪ್ಪು, ಎಣ್ಣೆಗಳೆಲ್ಲ ಸುಳ್ಳೇ? ಅಲ್ಲ. 1993ರಲ್ಲಿ ವಿ. ಪಿ. ಶರ್ಮಾ ಮತ್ತು ಸಂಗಡಿಗರು ಕೊಬ್ಬರಿ ಎಣ್ಣೆಯಲ್ಲಿ ಶೇಕಡ 2ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿ ಪರೀಕ್ಷಿಸಿದಾಗ ಅನಾಫಿಲಿಸ್ ಸೊಳ್ಳೆಗಳಿಂದ ಹನ್ನೆರಡು ಗಂಟೆ ರಕ್ಷಣೆ ಸಿಕ್ಕಿತೆಂದು ವರದಿ ಮಾಡಿದರು. ಆದರೆ ಗಮನಿಸಿ, ಅದು ಅನಾಫಿಲಿಸ್‌ಗೆ ಸಿಕ್ಕ ಫಲಿತಾಂಶ. ಡೆಂಗಿ ಹರಡುವ ಈಡಿಸ್ ಬೇರೆ ಸ್ವಭಾವದ್ದು. 2002ರಲ್ಲಿ ಅಮೆರಿಕದಲ್ಲಿ ಈಡಿಸ್ ಸೊಳ್ಳೆಗಳಿದ್ದ ಪೆಟ್ಟಿಗೆಯೊಳಗೆ ಕೈಯಿಡಿಸಿ ಹಲವು ಲೇಪನಗಳನ್ನು ಪರೀಕ್ಷಿಸಿದರು. ಶೇಕಡ 24ರಷ್ಟು ಡೀಟ್ ಇದ್ದ ರಾಸಾಯನಿಕ ಲೇಪನ ಐದು ಗಂಟೆ ಕಾಪಾಡಿತು. ಸೋಯಾ ಎಣ್ಣೆಯದು ಒಂದೂವರೆ ಗಂಟೆ. ಮಜ್ಜಿಗೆ ಹುಲ್ಲಿನ ನಂಟ ಸಿಟ್ರೊನೆಲ್ಲಾದ ಎಣ್ಣೆಯವು ಇಪ್ಪತ್ತು ನಿಮಿಷವೂ ನಿಲ್ಲಲಿಲ್ಲ. ಸುಗಂಧ ತೈಲದ ಗುಣವೇ ಅದು: ಆರುವುದು. ಆರುವಾಗಲೇ ಅದು ಸೊಳ್ಳೆಯನ್ನು ಓಡಿಸುತ್ತದೆ, ಆರಿದ ಮೇಲೆ ಇಲ್ಲ. ಗಿಡ ಸುಮ್ಮನೆ ಕುಂಡದಲ್ಲಿ ನಿಂತಿದ್ದರೆ ಅಷ್ಟೂ ಇಲ್ಲ, ಎಲೆಯನ್ನು ಹಿಸುಕಿದರೆ ಮಾತ್ರ ಎಣ್ಣೆ ಹೊರಬರುವುದು. ಸಸ್ಯಮೂಲದ್ದರಲ್ಲಿ ಗಟ್ಟಿಯಾಗಿ ನಿಂತದ್ದು ನಿಂಬೆ ವಾಸನೆಯ ನೀಲಗಿರಿಯಿಂದ ತಯಾರಿಸಿದ ಲೇಪನ. ಅದನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ.

ನನ್ನ ತಪ್ಪು ಎಲ್ಲಿ ಎಂದು ಆಗ ಗೊತ್ತಾಯಿತು. ಅಜ್ಜಿಯ ಉಪಾಯವನ್ನು ತಂದೆ, ಸೊಳ್ಳೆ ಯಾವುದೆಂದು ನೋಡಲಿಲ್ಲ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಬೆಳಗಿನ ಒಂದೆರಡು ತಾಸು ಮತ್ತು ಸೂರ್ಯ ಮುಳುಗುವ ಮುಂಚೆ ಹೆಚ್ಚು. ನಾನು ಸಾಂಬ್ರಾಣಿ ಹಚ್ಚುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತಿತ್ತು. ಅದು ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಮನೆಯ ಶುದ್ಧ ನೀರಿನಲ್ಲಿ: ಡ್ರಮ್ಮು, ಟೈರು, ತೆಂಗಿನ ಚಿಪ್ಪು, ಮನಿಪ್ಲಾಂಟಿನ ಬಾಟಲಿ, ಕುಂಡದ ತಟ್ಟೆ. ಮೊಟ್ಟೆ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ನೀರು ಒಣಗಿದರೂ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದು ಮುಂದಿನ ಮಳೆಗೆ ಕಾಯುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ಉಜ್ಜಬೇಕು. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ರಾಸ್ ತೊಟ್ಟಿ ಮಗುಚಿ ಆಗ ನೂರ ನಲವತ್ತೊಂದು ವರ್ಷವಾಗಿತ್ತು. ಅದೇ ಊರಲ್ಲಿ.

ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಕೆಲಸವಿದೆ. ಅದರ ಉಸ್ತುವಾರಿ ಮಗನದು. ಕುಂಡದ ತಟ್ಟೆಗಳನ್ನು ತೆಗೆದು ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗೆ ಮಗುಚಿ ಇಡುತ್ತಾನೆ. ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ನಾನು ನೋಡುತ್ತೇನೆ. ಸಂಪಿನ ಮುಚ್ಚಳದ ಸಂದಿಗೆ ಬಟ್ಟೆ ತುರುಕಿದ್ದೇವೆ, ಕಿಟಕಿಗಳಿಗೆ ಜಾಲರಿ ಹಾಕಿಸಿದ್ದೇವೆ. ಶಾಲೆಗೆ ಹೊರಡುವಾಗ ಅವನ ಕೈಕಾಲಿಗೆ ಲೇಪನ ಹಚ್ಚುತ್ತೇನೆ. ಮಲಗುವಾಗ ಹೆರೊಡೋಟಸ್ ಕಂಡ ಬಲೆ. ಮಜ್ಜಿಗೆ ಹುಲ್ಲಿನ ಕುಂಡ ಈಗಲೂ ಇದೆ, ಅದರ ಎಲೆ ಕಷಾಯಕ್ಕೆ ಹೋಗುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕೊಟ್ಟಿಗೆ ಖಾಲಿ ಇತ್ತು, ದನಗಳಿಲ್ಲ. ಆ ಒಡೆದ ಮಡಕೆ ಅಟ್ಟದ ಕೆಳಗೆ ಇನ್ನೂ ಇತ್ತು, ಮಳೆ ಸೋರಿ ಅದರಲ್ಲಿ ನೀರು ನಿಂತಿತ್ತು. ಬೇಲಿಯ ಪಕ್ಕದ ಲಕ್ಕಿ ಗಿಡ ಮಾತ್ರ ಹುಲುಸಾಗಿ ಬೆಳೆದಿತ್ತು. ಮಗ ಒಂದು ಎಲೆ ಕಿತ್ತು ಹಿಸುಕಿ ಮೂಸಿ, "ಅಮ್ಮ, ಇದೇನಾ ಆ ವಾಸನೆ?" ಎಂದ. ಹೌದೆಂದೆ. ಅವನು ಕೈ ಒರೆಸಿಕೊಂಡು ಹೋಗಿ, ಯಾರೂ ಹೇಳದೆಯೇ ಅಜ್ಜಿಯ ಮಡಕೆಯ ನೀರನ್ನು ಚೆಲ್ಲಿ, ಮಗುಚಿ ಇಟ್ಟು ಬಂದ.